ಮೆದುಳಿನ ಡಾಪ್ಲರ್ ಕಲಿಸುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ಕಿರಿಯ ವೈದ್ಯರಿಗೆ ಟಿಸಿಡಿ, ಅಂದರೆ ತಲೆಬುರುಡೆಯ ಹೊರಗಿನಿಂದ ಮೆದುಳಿನ ರಕ್ತಹರಿವು ನೋಡುವ ಡಾಪ್ಲರ್ ಅಲ್ಟ್ರಾಸೌಂಡ್ ಪರೀಕ್ಷೆ, ಕಲಿಸಬೇಕಿದೆ. ಅವರಿಗೆ ಸಿಗ್ನಲ್ ಸಿಗುವುದೇ ಕಷ್ಟ, ಸಿಕ್ಕರೂ ಯಾವ ರಕ್ತನಾಳವೆಂದು ತಿಳಿಯುತ್ತಿಲ್ಲ. ಎಲ್ಲಿಂದ ಶುರು ಮಾಡಿಸಲಿ?

ಉತ್ತರ 1: ಮೊದಲು ರೋಗಿಗಳು ಬೇಡ, ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಅಭ್ಯಾಸ ಮಾಡಲಿ. 2 ಮೆಗಾಹರ್ಟ್ಸ್ ಪ್ರೋಬ್, ಧಾರಾಳ ಜೆಲ್. ಕಿವಿಯ ಮುಂದೆ, ಕೆನ್ನೆಮೂಳೆಯ ಮೇಲಂಚಿನಲ್ಲಿ ಇಟ್ಟು ಆಳವನ್ನು 50 ಮಿ.ಮೀ.ಗೆ ನಿಲ್ಲಿಸಿ. ಹೊಸಬರು ಪ್ರೋಬನ್ನು ಜಾರಿಸುತ್ತಲೇ ವಾಲಿಸುತ್ತಾರೆ. ಸಿಗ್ನಲ್ ತಪ್ಪಿದಾಗ ಯಾವುದರಿಂದ ತಪ್ಪಿತೆಂದು ಗೊತ್ತಾಗುವುದಿಲ್ಲ. ಜಾಗ ಸಿಗುವವರೆಗೆ ಜಾರಿಸುವುದು, ಸಿಕ್ಕ ಮೇಲೆ ವಾಲಿಸುವುದು ಮಾತ್ರ. ಮೊಣಕೈಗೆ ಆಸರೆ ಇರಲೇಬೇಕು.

ಉತ್ತರ 2: ನಾಳದ ಗುರುತಿಗೆ ನನ್ನ ಮಟ್ಟಿಗೆ ಒಂದೇ ದಾರಿ: ಕುತ್ತಿಗೆಯಿಂದ ಮೆದುಳಿಗೆ ಬರುವ ಒಳ ಕೆರೋಟಿಡ್ ಅಪಧಮನಿ ಎರಡಾಗಿ ಒಡೆಯುವ ಕವಲು ಹುಡುಕಿಸಿ. 50ರಲ್ಲಿ ಪ್ರೋಬಿನತ್ತ ಬರುವ ಹರಿವು ಎಂಸಿಎ (ಮೆದುಳಿನ ನಡು ಅಪಧಮನಿ). ಅದನ್ನು ಬಿಡದೆ 2 ಮಿ.ಮೀ. ಹೆಜ್ಜೆಯಲ್ಲಿ ಒಳಗೆ ಹೋದರೆ 60–65ರ ಸುಮಾರಿಗೆ ತೆರೆಯ ಶೂನ್ಯ ಗೆರೆಯ ಮೇಲೂ ಕೆಳಗೂ ಅಲೆ ಕಾಣುತ್ತದೆ. ಅದೇ ಕವಲು. ಇನ್ನೂ ಆಳದಲ್ಲಿ ದೂರ ಸರಿಯುವುದು ಎಸಿಎ (ಮುಂದಿನ ಅಪಧಮನಿ). ಕವಲಿನಿಂದ ಹಿಂದಕ್ಕೆ ವಾಲಿಸಿದರೆ ಪಿಸಿಎ (ಹಿಂದಿನ ಅಪಧಮನಿ). ಕವಲು ತೋರಿಸದ ರೆಕಾರ್ಡಿಂಗನ್ನು ಒಪ್ಪಬೇಡಿ. ಪಿಸಿಎಯ ಕಡಿಮೆ ವೇಗವನ್ನೇ ಎಂಸಿಎಯದೆಂದು ಬರೆದರೆ ನಾಳದ ಸೆಳೆತ (ನಾಳ ಬಿಗಿದು ಕಿರಿದಾಗುವುದು, ಆಗ ವೇಗ ಏರುತ್ತದೆ) ಕಣ್ತಪ್ಪುತ್ತದೆ. ಅನುಮಾನವಿದ್ದರೆ ಕಣ್ಣು ಮುಚ್ಚಿಸಿ, ಬೆಳಕಿಗೆ ತೆರೆಸಿ: ಪಿಸಿಎ ವೇಗ ಏರುತ್ತದೆ.

ಉತ್ತರ 3: ಅಂಕಿ ಓದುವುದನ್ನು ಆಮೇಲೆ ಕಲಿಸಿ. ಕಿರಣ ನಾಳಕ್ಕೆ 30 ಡಿಗ್ರಿ ಓರೆಯಾದರೆ ವೇಗ ಸುಮಾರು 13% ಕಡಿಮೆ ಕಾಣುತ್ತದೆ, ಆದ್ದರಿಂದ ಪ್ರತಿ ಆಳದಲ್ಲೂ ಅತಿ ಹೆಚ್ಚು ವೇಗ ಸಿಗುವ ಓರೆ ಹುಡುಕಲಿ. ಎಂಸಿಎ ಸರಾಸರಿ ವೇಗ ಸೆಕೆಂಡಿಗೆ 120 ಸೆಂ.ಮೀ. ದಾಟಿದ ಕೂಡಲೇ ಸೆಳೆತವೆಂದು ಬರೆಯುವ ಅವಸರ ಬೇಡ. ಜ್ವರ, ರಕ್ತಹೀನತೆಯಲ್ಲೂ ವೇಗ ಏರುತ್ತದೆ. ಕುತ್ತಿಗೆಯಲ್ಲಿ ಅದೇ ಬದಿಯ ಒಳ ಕೆರೋಟಿಡ್ ವೇಗ ಅಳೆದು, ಎಂಸಿಎ ವೇಗವನ್ನು ಅದರಿಂದ ಭಾಗಿಸಲಿ: ಅನುಪಾತ 3ಕ್ಕಿಂತ ಕಡಿಮೆಯಾದರೆ ಹರಿವೇ ಹೆಚ್ಚಿದೆ, 3 ದಾಟಿದರೆ ಸೆಳೆತ, 6 ದಾಟಿದರೆ ತೀವ್ರ.

ಉತ್ತರ 4: ಎರಡು ಎಚ್ಚರಿಕೆ. ಕಣ್ಣಿನ ಮೂಲಕ ನೋಡುವ ಮುನ್ನ ಪವರ್ ಅನ್ನು 10%ಕ್ಕೆ ಇಳಿಸಿದ್ದನ್ನು ಕಲಿಯುವವರು ಬಾಯಿಬಿಟ್ಟು ಹೇಳಲಿ. ಇನ್ನೊಂದು, ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಮೂಳೆ ದಪ್ಪವಿದ್ದು ಕಿರಣ ಒಳಹೋಗುವ ಜಾಗ, ಅಂದರೆ ವಿಂಡೋ, ಸಿಗದಿರಬಹುದು. ಆಗ ವರದಿಯಲ್ಲಿ ‘ವಿಂಡೋ ಸಿಗಲಿಲ್ಲ’ ಎಂದೇ ಬರೆಯಬೇಕು, ‘ಹರಿವಿಲ್ಲ’ ಎಂದಲ್ಲ. ಮಿದುಳು ಸಾವಿನ ಪರೀಕ್ಷೆಯಲ್ಲಿ ಈ ವ್ಯತ್ಯಾಸ ತಪ್ಪಲೇಬಾರದು.