ಅರವತ್ತರ ಆಸುಪಾಸಿನ ಕಿವಿಗೆ ಯಾವ ಹಿಪ್‌ಹಾಪ್ ಆಲ್ಬಂ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ನನಗೀಗ 61. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡು ಕೇಳುತ್ತ ಬೆಳೆದವಳು. ಕಾಲೇಜಿನ ಹೊತ್ತಿಗೆ ಬೋನಿ ಎಂ, ಆಬ್ಬಾ, ಮೈಕೆಲ್ ಜಾಕ್ಸನ್ ಕ್ಯಾಸೆಟ್‌ಗಳೂ ಮನೆಗೆ ಬಂದಿದ್ದವು. ಮಗ, ಸೊಸೆ ಕಾರಿನಲ್ಲಿ ಹಿಪ್‌ಹಾಪ್ ಹಾಕಿದರೆ ಮೊದಲೆಲ್ಲ ತಲೆನೋವು ಅಂತಿದ್ದೆ, ಈಚೆಗೆ ಒಂದೆರಡು ಹಾಡು ಹಿಡಿಸಿವೆ. ಬಿಡಿ ಹಾಡು ಬೇಡ, ಮೊದಲಿನಿಂದ ಕೊನೆತನಕ ಕೂತು ಕೇಳಬಹುದಾದ ಆಲ್ಬಂ ಹೇಳಿ. ಷರತ್ತು ಎರಡೇ: ಪದ ಪೂರ್ತಿ ತಿಳಿಯದಿದ್ದರೂ ಕೇಳಿಸಿಕೊಳ್ಳಬೇಕು, ಮೊಮ್ಮಕ್ಕಳು ಪಕ್ಕದಲ್ಲಿದ್ದಾಗ ಗಾಬರಿಯಾಗಿ ಆಫ್ ಮಾಡುವಂತಿರಬಾರದು. "ಸಾರ್ವಕಾಲಿಕ ಶ್ರೇಷ್ಠ ನೂರು" ಪಟ್ಟಿಗಳು ಸಾಕಾಗಿವೆ. ನೀವು ಮನೆಯಲ್ಲಿ ನಿಜವಾಗಿ ಮತ್ತೆ ಮತ್ತೆ ಹಾಕಿಕೊಳ್ಳೋದು ಯಾವುದು, ಅದನ್ನು ಹೇಳಿ.

ನ್ಯೂಜೆರ್ಸಿಯಿಂದ:

ಮೇಡಂ, ಯೋಚನೆಯೇ ಬೇಡ. "ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್", 1998. ಹಾಡುಗಾರ್ತಿ ಲಾರಿನ್ ಬೆಳೆದದ್ದು ನಮ್ಮದೇ ರಾಜ್ಯದ ಸೌತ್ ಆರೆಂಜ್‌ನಲ್ಲಿ, ಹಾಗಾಗಿ ಇಲ್ಲಿಯವರಿಗೆ ಆಕೆ ಮನೆಮಗಳ ಲೆಕ್ಕ. ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಗ ಕೊಂಡ ಸೀಡಿ ಅದು. ಅವಳು ಕಾಲೇಜಿಗೆ ಹೋದಳು, ಸೀಡಿ ನನ್ನ ಕಾರಿನಲ್ಲೇ ಉಳಿಯಿತು. ವಾಪಸ್ ಕೇಳಿದಾಗ ಕೊಡಲಿಲ್ಲ.

ಆಲ್ಬಂ ಶುರುವಾಗೋದು ಶಾಲೆಯ ಗಂಟೆಯಿಂದ. ಮೇಷ್ಟ್ರು ಹಾಜರಿ ಕರೀತಾರೆ, ಮಕ್ಕಳು ಒಬ್ಬೊಬ್ಬರಾಗಿ ಓಗೊಡ್ತಾರೆ. ಲಾರಿನ್ ಹಿಲ್ ಹೆಸರು ಕರೆದಾಗ ಮಾತ್ರ ಸದ್ದಿಲ್ಲ. ಇನ್ನೊಮ್ಮೆ ಕರೀತಾರೆ, ಆಗಲೂ ಇಲ್ಲ. ಮುಂದೆ ಹಾಡುಗಳ ನಡುನಡುವೆ ಅದೇ ತರಗತಿ ಮತ್ತೆ ಬರುತ್ತೆ; ಪ್ರೀತಿ ಅಂದರೇನು ಅಂತ ಮೇಷ್ಟ್ರು ಕೇಳ್ತಾರೆ, ಮಕ್ಕಳು ನಕ್ಕೊಂಡು, ನಾಚಿಕೊಂಡು ಏನೇನೋ ಹೇಳ್ತಾರೆ. ಆ ಪಾಠಕ್ಕೆ ಆಕೆ ಗೈರುಹಾಜರಿ ಅನ್ನೋದೇ ಇಡೀ ಆಲ್ಬಮ್ಮಿನ ಕಥೆ. "ಟು ಜಯನ್" ಅನ್ನೋ ಹಾಡು ಚೊಚ್ಚಲ ಮಗನಿಗಾಗಿ ಬರೆದದ್ದು. ಹೆಸರು ಬರುತ್ತಿರೋ ಹೊತ್ತಲ್ಲಿ ಮಗು ಯಾಕೆ ಅಂತ ಬುದ್ಧಿ ಹೇಳಿದವರಿಗೆ ಅದರಲ್ಲೇ ಉತ್ತರ ಕೊಡ್ತಾಳೆ. ಹಿಂದೆ ಗಿಟಾರ್ ನುಡಿಸಿರೋದು ಕಾರ್ಲೋಸ್ ಸಂಟಾನಾ. ನಾನು ಎರಡು ಹೆತ್ತವಳು, ಆ ಹಾಡು ಬಂದಾಗ ಈಗಲೂ ಸಿಗ್ನಲ್ಲಿನಲ್ಲಿ ಕಣ್ಣೊರೆಸಿಕೊಳ್ತೀನಿ.

ನಿಮ್ಮ ಮೊದಲ ಷರತ್ತಿಗೆ ಇದು ಸರಿಹೋಗುತ್ತೆ, ಯಾಕಂದರೆ ಹಾಡುಗಾರಿಕೆಯೇ ಜಾಸ್ತಿ, ರ‍್ಯಾಪ್ ಅನ್ನೋ ತಾಳಬದ್ಧ ಮಾತು ಅದರ ಮಧ್ಯೆ ಬಂದು ಹೋಗುತ್ತೆ. ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಪ್ರಶಸ್ತಿ ಪಡೆದ ಮೊದಲ ಹಿಪ್‌ಹಾಪ್ ಆಲ್ಬಂ ಇದು, 1999ರಲ್ಲಿ. ಅಲ್ಲಲ್ಲಿ ಒರಟು ಪದ ಇಲ್ಲ ಅಂತಲ್ಲ, ಆದರೆ ಎದ್ದು ಓಡುವಂಥದ್ದೇನಿಲ್ಲ. ಇದಕ್ಕೂ ಮೊದಲು ಫ್ಯೂಜೀಸ್ ತಂಡದ ಜೊತೆ 1996ರಲ್ಲಿ ಮಾಡಿದ "ದಿ ಸ್ಕೋರ್" ಇದೆ. ರಾಬರ್ಟಾ ಫ್ಲ್ಯಾಕ್ 1973ರಲ್ಲಿ ಹಾಡಿ ಪ್ರಸಿದ್ಧವಾದ "ಕಿಲ್ಲಿಂಗ್ ಮಿ ಸಾಫ್ಟ್‌ಲಿ" ಅದರಲ್ಲಿ ಹೊಸದಾಗಿ ಬರುತ್ತೆ. ಒಬ್ಬರೇ ಇದ್ದಾಗ ಕೇಳಿ.

ಬಸವನಗುಡಿ, ಬೆಂಗಳೂರು:

ನನ್ನದು ಕಛೇರಿ ಕೇಳುವ ಕಿವಿ. ರಾಮನವಮಿ ಬಂತೆಂದರೆ ಸಂಜೆ ಮನೆಯಲ್ಲಿ ಸಿಗೋದಿಲ್ಲ. ನನಗೆ ಹಿಪ್‌ಹಾಪ್ ಬಾಗಿಲು ತೆರೆದದ್ದು ಅ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ "ದಿ ಲೋ ಎಂಡ್ ಥಿಯರಿ" (1991).

ಮೊದಲ ಹಾಡು "ಎಕ್ಸ್‌ಕರ್ಶನ್ಸ್" ಹಾಕಿ. ಶುರುವಿಗೆ ಬರೀ ಬಾಸ್ (ತಗ್ಗು ಸ್ವರದ ತಂತಿವಾದ್ಯ), ಬೇರೇನೂ ಇಲ್ಲ. ಜಾಝ್ ಡ್ರಮ್ಮರ್ ಆರ್ಟ್ ಬ್ಲೇಕಿಯ ಹಳೇ ರೆಕಾರ್ಡಿನಿಂದ ತೆಗೆದ ತುಣುಕು ಅದು. ಮೂಲದಲ್ಲಿ ಮೂರರ ನಡೆ, ಇವರು ಅದನ್ನು ಕತ್ತರಿಸಿ ನಾಲ್ಕಕ್ಕೆ ಕೂರಿಸಿದ್ದಾರೆ. ತಾಳ ಹಾಕುತ್ತ ಕೇಳಿದರೆ ಎಲ್ಲೋ ಏನೋ ಜಗ್ಗಿದ ಹಾಗೆ ಆಗುತ್ತೆ, ಆ ಜಗ್ಗಾಟದಲ್ಲೇ ಮಜಾ. ಆಮೇಲೆ ತಂಡದ ಕ್ಯೂ-ಟಿಪ್ ಮಾತು ತೆಗೆಯೋದೇ ಅಪ್ಪನ ನೆನಪಿನಿಂದ: ತಾನು ಹಿಪ್‌ಹಾಪ್ ಕೇಳುವಾಗ ಅಪ್ಪನಿಗೆ ಬೀಬಾಪ್ ಅನ್ನೋ ಹಳೇ ಜಾಝ್ ಶೈಲಿ ನೆನಪಾಗುತ್ತಿತ್ತಂತೆ. ಇನ್ನೊಂದು ಹಾಡಿನಲ್ಲಿ ರಾನ್ ಕಾರ್ಟರ್ ಅವರೇ ಬಂದು ಡಬಲ್ ಬಾಸ್ ನುಡಿಸಿದ್ದಾರೆ. ಅರವತ್ತರ ದಶಕದಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಐವರ ತಂಡದಲ್ಲಿದ್ದ ಅದೇ ರಾನ್ ಕಾರ್ಟರ್.

ಒಂದು ಮಾತು. ಇದನ್ನು ದಯವಿಟ್ಟು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಬಾಸ್ ಸತ್ತೇಹೋಗುತ್ತೆ, ಉಳಿಯೋದು ಗಿಜಿಗಿಜಿ ಮಾತು ಮಾತ್ರ. ಹಿಪ್‌ಹಾಪ್ ಅಂದರೆ ತಲೆನೋವು ಅನ್ನುವ ನಮ್ಮ ವಯಸ್ಸಿನವರಲ್ಲಿ ಮುಕ್ಕಾಲುಪಾಲು ಜನ ಬೇರೆಯವರ ಫೋನಿನಿಂದ ಕೇಳಿದವರೇ ಅನ್ನೋದು ನನ್ನ ಅನುಮಾನ. ತಲೆಗೆ ಹಾಕಿಕೊಳ್ಳುವ ದೊಡ್ಡ ಹೆಡ್‌ಫೋನ್ ಸಾಕು, ದುಬಾರಿಯದ್ದು ಬೇಡ.

ಇದು ಹಿಡಿಸಿದರೆ ಮುಂದೆ ಗುರು ಅನ್ನೋ ರ‍್ಯಾಪರ್‌ನ "ಜಾಝ್‌ಮಟಾಝ್" ಮೊದಲ ಸಂಪುಟ (1993). ಡೊನಾಲ್ಡ್ ಬರ್ಡ್, ರಾಯ್ ಏಯರ್ಸ್ ಥರದ ಹಿರಿಯ ಜಾಝ್ ಕಲಾವಿದರೇ ಜೊತೆಗೂಡಿದ್ದಾರೆ. ಮಳೆಗಾಲದ ಸಂಜೆಗೆ ಹೇಳಿ ಮಾಡಿಸಿದ್ದು.

ವಿಜಯಪುರದಿಂದ:

ಅಕ್ಕಾರ, ನಮಸ್ಕಾರ್ರಿ. ಜಾಝು ಪಾಝು ನನಗ ತಿಳಿಯಂಗಿಲ್ಲ. ನಾ ಜಾತ್ರ್ಯಾಗ ಗೀಗೀ ಪದಾ ಕೇಳಿ ಬೆಳದಾಂವ. ಹರದೇಶಿ ನಾಗೇಶಿ ವಾದಕ್ಕ ನಿಂತ್ರ ಒಬ್ರು ಗಂಡು ಹೆಚ್ಚು ಅಂತಾರ, ಒಬ್ರು ಹೆಣ್ಣು ಹೆಚ್ಚು ಅಂತಾರ, ಪದಕ್ಕ ಪದಾ ಕಟ್ಟಿ ಬೆಳತನಾ ಹಾಡ್ತಾರ. ನನ್ನ ಅಳಿಯಾ ಒಂದಿನಾ 1981ರಾಗಿನ ಒಂದು ಧ್ವನಿಮುದ್ರಣಾ ಕೇಳಿಸಿದಾ. ನ್ಯೂಯಾರ್ಕಿನ ಹಾರ್ಲೆಮ್‌ದಾಗ ಬಿಝಿ ಬೀ ಅನ್ನಾಂವಗ ಕೂಲ್ ಮೋ ಡೀ ಅನ್ನಾಂವ ಮಂದಿ ಮುಂದ ಪದದಾಗ ಸೋಲಿಸಿದ್ದು. ಕೇಳಿದ ಕೂಡ್ಲೇ ಅಂದೆ, ಇದು ನಮ್ಮ ನಾಗೇಶಿ ಹರದೇಶಿನೇ ಅಲ್ಲೇನೋ ತಮ್ಮಾ!

ಆಲ್ಬಂ ಅಂದ್ರ ನಂದು ರನ್-ಡಿಎಂಸಿ ಅನ್ನೋ ತಂಡದ "ರೇಝಿಂಗ್ ಹೆಲ್", 1986ರದ್ದು. ಹೆಸರು ನೋಡಿ ಅಂಜಬ್ಯಾಡ್ರಿ. ಇಬ್ರು ಒಂದೊಂದು ತುದಿ ಹಿಡದು ಸಾಲು ಎಳದಾಡ್ತಾರ, ದನಿ ಖಡಕ್, ಒಂದೊಂದು ಪದಾ ಬಿಡಿಸಿ ಬಿಡಿಸಿ ಕೇಳಸ್ತಾವ. ನನ್ನಂಥಾ ಅರ್ಧಮರ್ಧ ಇಂಗ್ಲಿಷಿನಾವಗ ಅದಾ ಬೇಕು. ಮೊದಲನೇ ಹಾಡು "ಪೀಟರ್ ಪೈಪರ್"ನ್ಯಾಗ ಸಾಲ್ಯಾಗ ಹೇಳಿಕೊಡೋ ರೈಮ್ಸಿನ ಮಂದೀನೇ ಬರ್ತಾರ. ನನ್ನ ಮೊಮ್ಮಗಳು ಕುಣಿಯಾಕ ಹತ್ತತಾಳ. ಇದರಾಗ "ವಾಕ್ ದಿಸ್ ವೇ" ಐತಿ, ಏರೋಸ್ಮಿತ್ ಅನ್ನೋ ರಾಕ್ ತಂಡದ್ದು ಹಳೇ ಹಾಡು, ಆ ಹಾಡಿನಾವ್ರನ್ನೇ ಕರಕೊಂಡು ಮತ್ತ ಮಾಡ್ಯಾರ. ನೀವು ಮೈಕೆಲ್ ಜಾಕ್ಸನ್ ಕೇಳಿದಾಕಿ ಅಂದಮ್ಯಾಲ ಇದು ಭಾಳ ದೂರ ಅನಸೂದಿಲ್ರಿ.

ಮುಂಬೈಯಿಂದ:

ಡಿ ಲಾ ಸೋಲ್, "3 ಫೀಟ್ ಹೈ ಆ್ಯಂಡ್ ರೈಸಿಂಗ್", 1989. ನಗಿಸುವ ಹಿಪ್‌ಹಾಪ್ ಬೇಕಾದರೆ ಇದಕ್ಕಿಂತ ಬೇರೆ ಬೇಡ. ಹಳೇ ಸೋಲ್ (ಕಪ್ಪು ಅಮೆರಿಕನ್ನರ ಹಾಡಿನ ಶೈಲಿ), ಪಾಪ್, ಏನು ಸಿಕ್ಕಿತೋ ಅದನ್ನೆಲ್ಲ ಕತ್ತರಿಸಿ ಅಂಟಿಸಿದ್ದಾರೆ. ಸ್ಟೀಲಿ ಡ್ಯಾನ್ ಅನ್ನೋ ರಾಕ್ ತಂಡ ಗೊತ್ತಿರುವವರಿಗೆ "ಐ ನೋ" ಹಾಡಿನಲ್ಲಿ ಪರಿಚಿತ ದನಿ ಕೇಳುತ್ತೆ. ಆ ಕತ್ತರಿ ಕೆಲಸವೇ ಮುಂದೆ ಉರುಳಾಯಿತು. ಅನುಮತಿಯಿಲ್ಲದೆ ತುಣುಕು ಬಳಸಿದರೆಂದು ಟರ್ಟಲ್ಸ್ ತಂಡದವರು ಕೇಸು ಹಾಕಿದರು, ಹಕ್ಕಿನ ತಕರಾರುಗಳು ಬೆಳೆದು 2023ರ ಮಾರ್ಚ್‌ವರೆಗೂ ಇದು ಸ್ಟ್ರೀಮಿಂಗಿನಲ್ಲಿ ಸಿಗುತ್ತಲೇ ಇರಲಿಲ್ಲ. ನನ್ನ ಹತ್ತಿರ ಇದ್ದ ಕ್ಯಾಸೆಟ್ ಅಷ್ಟರಲ್ಲಿ ಬೂಸ್ಟು ಹಿಡಿದಿತ್ತು. ನಡುವೆ ಬರುವ ಕ್ವಿಜ್ ಪ್ರಹಸನಗಳು ಎರಡನೇ ಸಲಕ್ಕೆ ಬೇಜಾರು, ದಾಟಿಸಿಬಿಡಿ.

ಮಂಗಳೂರಿನಿಂದ:

ಎಲ್ಲರೂ ಮೊಮ್ಮಕ್ಕಳನ್ನು ಮುಂದಿಟ್ಟುಕೊಂಡು ಸೌಮ್ಯವಾದದ್ದನ್ನೇ ಹೇಳ್ತಾ ಇದ್ದೀರಿ ಮಾರಾಯ್ರೆ. ಮೊಮ್ಮಕ್ಕಳು ಮಲಗಿದ ಮೇಲೆ? "ಇಲ್ಮ್ಯಾಟಿಕ್", 1994, ನಾಸ್ ಎಂಬ ರ‍್ಯಾಪರ್‌ನದ್ದು. ಪೂರ್ತಿ ಆಲ್ಬಂ 40 ನಿಮಿಷ ಸಹ ಇಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದ ಇಪ್ಪತ್ತರ ಹುಡುಗ ಕಿಟಕಿಯಲ್ಲಿ ಕೂತು ಬೀದಿಯನ್ನು ನೋಡಿ ಬರೆದ ಹಾಗಿದೆ. ಬೈಗುಳ ಉಂಟು, ಬಂದೂಕೂ ಉಂಟು. ಆದರೆ ಅದು ಜಂಬದ ಬೈಗುಳ ಅಲ್ಲ. ಒಂದು ಹಾಡಿನ ಕೊನೆಗೆ ಕಾರ್ನೆಟ್ (ಟ್ರಂಪೆಟ್ ಥರದ ಊದುವ ವಾದ್ಯ) ಕೇಳ್ತದೆ, ನುಡಿಸಿದ್ದು ಅವನ ಅಪ್ಪನೇ, ಜಾಝ್ ಕಲಾವಿದ ಓಲು ದಾರಾ. ಅದೊಂದಕ್ಕಾಗಿ ನಾನು ಈ ಆಲ್ಬಂ ಹಾಕುವುದುಂಟು.

ಮೊದಲ ಸಲ ಸಾಹಿತ್ಯವನ್ನು ಮುಂದಿಟ್ಟುಕೊಂಡು ಓದುತ್ತಾ ಕೇಳಿ, ಎರಡನೇ ಸಲ ಕಣ್ಣು ಮುಚ್ಚಿ. ಹಾಗೇ, ಆ್ಯಪಿನಲ್ಲಿ ಹಾಡಿನ ಹೆಸರಿನ ಪಕ್ಕ ಪುಟ್ಟ ಇಂಗ್ಲಿಷ್ ಇ ಅಕ್ಷರ ಇದ್ದರೆ ಒರಟು ಮಾತು ಉಂಟು ಅಂತ ಅರ್ಥ. ಕೆಲವು ಆಲ್ಬಮ್‌ಗಳಿಗೆ ಬೈಗುಳ ತೆಗೆದ ಪ್ರತಿಯೂ ಸಿಗ್ತದೆ, ಆದರೆ ಮಾತು ನಡುವೆ ಕಡಿದು ಕಡಿದು ಹೋಗ್ತದೆ. ನನಗೆ ಅದು ಆಗುವುದಿಲ್ಲ. ಕೆಂಡ್ರಿಕ್ ಲಮಾರ್ "ಟು ಪಿಂಪ್ ಅ ಬಟರ್‌ಫ್ಲೈ" (2015) ಅಂತ ಯಾರಾದ್ರೂ ಹೇಳ್ಯಾರು. ದೊಡ್ಡ ಕೆಲಸ, ಒಪ್ಪಿದೆ. ಆದರೆ ಅದರಿಂದ ಶುರು ಮಾಡಬೇಡಿ.

ಮೈಸೂರಿನಿಂದ:

ಪದ ತಿಳಿಯೋದಿಲ್ಲ, ಬೈಗುಳ ಬೇಡ ಅಂದರೆ ಮಾತನ್ನೇ ತೆಗೆದುಬಿಟ್ಟರಾಯಿತಲ್ಲ! ರ‍್ಯಾಪ್ ಇಲ್ಲದ, ಬರೀ ಬೀಟಿನ ಆಲ್ಬಂಗಳಿವೆ. ಹಳೇ ಹಿಂದಿ ಸಿನಿಮಾ ಸಂಗೀತ ಇಷ್ಟ ಇದ್ದರೆ ಬೀಟ್ ಕಟ್ಟುವ ಮ್ಯಾಡ್‌ಲಿಬ್‌ನ "ಬೀಟ್ ಕಂಡಕ್ಟಾ ಇನ್ ಇಂಡಿಯಾ" (2007) ಹಾಕಿ. ನಮ್ಮ ಕಡೆಯ ರೆಕಾರ್ಡುಗಳನ್ನು ಕ್ಯಾಲಿಫೋರ್ನಿಯಾದವನೊಬ್ಬ ಹೇಗೆ ಕೇಳಿಸಿಕೊಂಡ ಅಂತ ಗೊತ್ತಾಗುತ್ತೆ. ನಮ್ಮೆಜಮಾನ್ರು ಪೇಪರ್ ಓದ್ತಾ ಇದ್ದವರು "ಇದು ಯಾವ ಪಿಕ್ಚರ್‌ದು?" ಅಂತ ತಲೆ ಎತ್ತಿದರು.

ನಾನು ಹೆಚ್ಚು ಹಾಕಿಕೊಳ್ಳೋದು ಮಾತ್ರ ಜೆ ಡಿಲ್ಲಾನ "ಡೋನಟ್ಸ್". ಇವನೂ ಬೀಟ್ ಕಟ್ಟುವವನೇ, ಡೆಟ್ರಾಯಿಟ್‌ನವನು. 2006ರ ಫೆಬ್ರವರಿ 7ರಂದು, ಅವನಿಗೆ 32 ತುಂಬಿದ ದಿನ ಬಿಡುಗಡೆಯಾಯಿತು, ಮೂರೇ ದಿನಕ್ಕೆ ತೀರಿಕೊಂಡ. 31 ತುಣುಕುಗಳು, ಹೆಚ್ಚಿನವು ಒಂದೂವರೆ ನಿಮಿಷ ದಾಟೋದಿಲ್ಲ. ಹಳೇ ಸೋಲ್ ಗಾಯಕರ ದನಿ ಅರ್ಧಕ್ಕೆ ಕತ್ತರಿಸಿ, ತಿರುಗಿಸಿ, ಇನ್ನೇನು ಹಾಡು ಹಿಡಿತಕ್ಕೆ ಸಿಕ್ಕಿತು ಅನ್ನುವಾಗ ಮುಂದಿನದಕ್ಕೆ ಹಾರಿಬಿಡ್ತಾನೆ. ಮೊದಲ ತುಣುಕಿಗೆ "ಔಟ್ರೋ" (ಮುಕ್ತಾಯ) ಅಂತ, ಕೊನೆಯದಕ್ಕೆ "ವೆಲ್ಕಮ್ ಟು ದಿ ಶೋ" ಅಂತ ಹೆಸರಿಟ್ಟಿದ್ದಾನೆ, ಕೊನೆ ಹೋಗಿ ಮೊದಲಿಗೆ ಕೂಡಿಕೊಳ್ಳುತ್ತೆ. ರಿಪೀಟ್ ಒತ್ತಿ ಸಾರಿಗೆ ಬೇಳೆ ಇಟ್ಟರೆ ಊಟದ ಹೊತ್ತಿನವರೆಗೂ ಫೋನ್ ಮುಟ್ಟಬೇಕಾಗಿಲ್ಲ.