ಸಹಾಯ ಬೇಕು: ಮೊಣಕಾಲು ನೋವಿರುವ ಅವ್ವನನ್ನು ಬಾ ನಾ ಬೆಟ್ಟಕ್ಕೆ ಕರೆದೊಯ್ಯಬಹುದೇ?

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯವರು. ಮೇ ತಿಂಗಳಲ್ಲಿ ಮಕ್ಕಳು, ಅವ್ವ ಸೇರಿ ಆರು ಜನ ವಿಯೆಟ್ನಾಂಗೆ ಹೊರಟಿದ್ದೇವೆ. ಡಾ ನಾಂಗ್ ಹತ್ತಿರದ ಬಾ ನಾ ಬೆಟ್ಟದ ಮೇಲಿನ ಮನರಂಜನಾ ಉದ್ಯಾನಕ್ಕೆ ಒಂದು ದಿನ ಮೀಸಲು.

ನನ್ನ ಚಿಂತೆಯೆಲ್ಲ ಅವ್ವನದು. ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ನಿಲ್ಲದೆ ಹತ್ತುತ್ತಿದ್ದವಳು ಈಗ ಮನೆಯ ಹೊಸ್ತಿಲು ದಾಟಲೂ ಬಾಗಿಲ ಚೌಕಟ್ಟು ಹಿಡಿಯುತ್ತಾಳೆ. ಎರಡು ದೈತ್ಯ ಕೈಗಳು ಎತ್ತಿ ಹಿಡಿದಂತಿರುವ, 2018ರಲ್ಲಿ ತೆರೆದ ಚಿನ್ನದ ಸೇತುವೆಯನ್ನು ಮೊಮ್ಮಗಳ ಮೊಬೈಲಿನಲ್ಲಿ ಕಂಡು, "ದೇವರ ಕೈ ಇದ್ದಂತಿದೆ, ಒಮ್ಮೆ ನಿಂತು ಬರುತ್ತೇನೆ" ಎಂದಿದ್ದಾಳೆ. ಹೇಗಾದರೂ ಮಾಡಿ ಅಲ್ಲಿ ನಿಲ್ಲಿಸಲೇಬೇಕು.

ಮೇಲಕ್ಕೆ ಕೇಬಲ್ ಕಾರ್ ಇದೆ. ಒಂದು ಮಾರ್ಗವಂತೂ 5,801 ಮೀಟರ್ ಉದ್ದ. ಆದರೆ ಇಳಿದ ಮೇಲೆ ಸೇತುವೆಗೆ ಎಷ್ಟು ನಡೆಯಬೇಕು? ನಡುವೆ ಮೆಟ್ಟಿಲುಗಳಿವೆಯೇ? ಗಾಲಿಕುರ್ಚಿ ಸಿಗುತ್ತದೆಯೇ? ಅವ್ವ ಹತ್ತುವಾಗ ಡಬ್ಬಿಯ ವೇಗ ತಗ್ಗಿಸುತ್ತಾರೆಯೇ? ಸುಮಾರು 1,400 ಮೀಟರ್ ಎತ್ತರ, ಮಂಜು ಬೇರೆ. ನಮ್ಮ ಬಿಸಿಲಿಗೆ ಒಗ್ಗಿದ ಮೈಗೆ ಸ್ವೆಟರ್ ಸಾಕೇ? ಅವಳು ಅಪ್ಪಟ ಸಸ್ಯಾಹಾರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಒಳಗೆ ಬಿಡುತ್ತಾರೆಯೇ?

ವಯಸ್ಸಾದವರೊಂದಿಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ. ನಿಮ್ಮ ಉತ್ತರ ನೋಡಿಯೇ ಉದ್ಯಾನದ ಟಿಕೆಟ್ ಕಾಯ್ದಿರಿಸುತ್ತೇನೆ.