ಮಠದ ಪಾದ್ರಿಗೆ ಪರಂಗಿ ರೋಗದ ಪುಸ್ತಕ ಯಾಕೆ ಬೇಕಿತ್ತು?

ಸಂಜೆಓದು:

ಎಲ್ಲರಿಗೂ ನಮಸ್ಕಾರ. ನಾನು ಹಗಲು ಬ್ಯಾಂಕಿನ ಕೌಂಟರಿನಲ್ಲಿ ದುಡ್ಡು ಎಣಿಸುತ್ತೇನೆ, ಸಂಜೆ ಇಂಗ್ಲಿಷ್ ಎಂ.ಎ.ಗೆ ಓದುತ್ತೇನೆ. ದೂರಶಿಕ್ಷಣ. ಈ ಸಲದ ಅಸೈನ್‌ಮೆಂಟ್, 16ನೇ ಶತಮಾನದ ಇಂಗ್ಲೆಂಡಿನಲ್ಲಿ ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಆದ ಅನುವಾದಗಳ ಬಗ್ಗೆ. ನಾನು ಥಾಮಸ್ ಪೇನೆಲ್ ಅನ್ನುವವನನ್ನು ಹಿಡಿದುಕೊಂಡೆ. ಕಾರಣ ಏನೂ ದೊಡ್ಡದಲ್ಲ, ಬೇರೆ ಯಾರೂ ಅವನನ್ನು ಮುಟ್ಟಿರಲಿಲ್ಲ.

ಈಗ ತಲೆ ಕೆಟ್ಟಿದೆ. ಈ ಮನುಷ್ಯ ಸರ್ರೆ ಪ್ರಾಂತ್ಯದ ಮರ್ಟನ್ ಮಠದ ಪಾದ್ರಿ. ಅಗಸ್ಟೀನ್ ಪಂಥದವನು. 1528ರಲ್ಲಿ ಇಟಲಿಯ ಸಲೆರ್ನೋದ ಆರೋಗ್ಯ ಪದ್ಯಗಳನ್ನು ಇಂಗ್ಲಿಷಿಗೆ ತಂದ. ಏನು ತಿನ್ನಬೇಕು, ಎಷ್ಟು ಮಲಗಬೇಕು ಅನ್ನುವ ಪುಸ್ತಕ ಅದು. ಆಮೇಲೆ ಡಚ್ ವಿದ್ವಾಂಸ ಎರಾಸ್ಮಸ್‌ನದು, ಲೋಕವನ್ನು ಬಿಟ್ಟು ಮಠ ಸೇರುವ ಬಗ್ಗೆ. 1533ರಲ್ಲಿ ಜರ್ಮನ್ ಲೇಖಕ ಉಲ್ರಿಚ್ ಫಾನ್ ಹುಟೆನ್‌ನದು. ಅದು ಪರಂಗಿ ರೋಗಕ್ಕೆ, ಅಂದರೆ ಸಿಫಿಲಿಸ್‌ಗೆ ಕೊಡುವ ಮದ್ದಿನ ಪುಸ್ತಕ! ನಡುವೆ ಪ್ಲೇಗ್ ಮೇಲೊಂದು. ವಯಸ್ಸಾದ ಮೇಲೆ ಸಂತ ಅಗಸ್ಟೀನನ ಪ್ರವಚನಗಳು.

ಪ್ರವಚನ ಸರಿ. ಪಾದ್ರಿಗೆ ಸಿಫಿಲಿಸ್ ಮದ್ದಿನ ಉಸಾಬರಿ ಯಾಕೆ? ಸುಮ್ನೆ ದುಡ್ಡಿಗೆ ಸಿಕ್ಕಿದ್ದೆಲ್ಲ ಅನುವಾದ ಮಾಡುತ್ತಿದ್ದನಾ? ಅಥವಾ ಆ ಕಾಲದಲ್ಲಿ ಎರಡೂ ಒಂದೇ ಕೆಲಸ ಅಂತ ಲೆಕ್ಕವಾ? ಯಾರಿಗಾದರೂ ಗೊತ್ತಿದ್ದರೆ ದಾರಿ ತೋರಿಸಿ.

ಮಾತ್ರೆಅಂಗಡಿ:

ಮಾರಾಯ್ರೆ, ಈ ಪ್ರಶ್ನೆ ನೋಡಿ ಅಂಗಡಿ ಮುಚ್ಚಿದ ಮೇಲೂ ಕೂತು ಬರೆಯುತ್ತಿದ್ದೇನೆ. ನಾನು ಮಂಗಳೂರು ಕಡೆಯವನು. 18ಕ್ಕೆ ಸೆಮಿನರಿ ಸೇರಿದೆ, 22ಕ್ಕೆ ಬಿಟ್ಟೆ. ಪಾದ್ರಿ ಆಗಲಿಲ್ಲ, ಲ್ಯಾಟಿನ್ ಒಂದಿಷ್ಟು ಉಳಿಯಿತು. ಈಗ ಮೆಡಿಕಲ್ ಶಾಪ್. ಪೇನೆಲ್‌ನ ಎರಡೂ ಕಡೆ ಸ್ವಲ್ಪ ಸ್ವಲ್ಪ ಓಡಾಡಿದವನು ನಾನು ಅಂತ ಇಟ್ಟುಕೊಳ್ಳಿ.

ಮೊದಲು ಒಂದು ಪದ ಹೇಳುತ್ತೇನೆ. ಸಾಲುಸ್. ಲ್ಯಾಟಿನ್‌ನಲ್ಲಿ ಇದಕ್ಕೆ ಆರೋಗ್ಯ ಅಂತಲೂ ಅರ್ಥ, ಆತ್ಮದ ಉದ್ಧಾರ ಅಂತಲೂ ಅರ್ಥ. ಎರಡು ಪದ ಅಲ್ಲ, ಒಂದೇ. ಮಾತೆ ಮರಿಯಳ ಲ್ಯಾಟಿನ್ ಲಿತಾನಿಯಲ್ಲಿ, ಅಂದರೆ ಸಾಲು ಸಾಲಾಗಿ ಹೇಳುವ ಪ್ರಾರ್ಥನೆಯಲ್ಲಿ, 'ಸಾಲುಸ್ ಇನ್ಫಿರ್ಮೋರುಂ' ಅಂತ ಬರುತ್ತದೆ, ರೋಗಿಗಳ ಸಾಲುಸ್. ವೇಲಾಂಕಣಿಯವಳನ್ನು ನಾವು ಆರೋಗ್ಯ ಮಾತೆ ಅನ್ನುವುದೂ ಇದೇ ಜಾಡಿನಲ್ಲಿ. ಲ್ಯಾಟಿನ್‌ನಲ್ಲೇ ಯೋಚನೆ ಮಾಡುವ ಮಠದವನಿಗೆ ಊಟದ ಪಥ್ಯ ಒಂದು ಕಪಾಟು, ಪ್ರವಚನ ಇನ್ನೊಂದು ಕಪಾಟು ಅಂತ ಇರಲಿಲ್ಲ. ಬೇರೆ ಮಾಡಬೇಕಾಗಿ ಬಂದದ್ದು ಇಂಗ್ಲಿಷಿಗೆ ಬಂದಾಗ. ಅಲ್ಲೂ ಕೂಡಲೇ ಆಗಲಿಲ್ಲ. 1552ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ತೆಗೆದು ನೋಡಿ. ಪಾಪ ಒಪ್ಪಿಕೊಳ್ಳುವ ಕಡೆ 'ನಮ್ಮಲ್ಲಿ ಆರೋಗ್ಯವೇ ಇಲ್ಲ' ಅಂತ ಇದೆ. ಹೆಲ್ತ್ ಅನ್ನುವ ಪದವನ್ನೇ ಹಾಕಿದ್ದಾರೆ. ಜ್ವರ ಬಂದಿದೆ ಅಂತ ಅಲ್ಲ ಅದು.

ಸಲೆರ್ನೋ ಪದ್ಯದಲ್ಲೂ ಈ ಆಟ ಇದೆ. 'ಕೂರ್ ಮೋರಿಯಾತುರ್ ಹೋಮೋ ಕುಯಿ ಸಾಲ್ವಿಯಾ ಕ್ರೆಷಿತ್ ಇನ್ ಹೋರ್ತೋ?' ತೋಟದಲ್ಲಿ ಸಾಲ್ವಿಯಾ ಬೆಳೆದಿರುವಾಗ ಮನುಷ್ಯ ಸಾಯುವುದು ಯಾಕೆ? ಸಾಲ್ವಿಯಾ ಅಂದರೆ ಒಂದು ಗಿಡ. ಆ ಹೆಸರೂ ಸಾಲುಸ್‌ನ ಬಳಗದ್ದೇ. ಮುಂದಿನ ಸಾಲು ತಣ್ಣಗೆ ಉತ್ತರ ಕೊಡುತ್ತದೆ: ಸಾವಿಗೆ ತೋಟದಲ್ಲಿ ಮದ್ದಿಲ್ಲ. ಇಂಗ್ಲಿಷಿನಲ್ಲಿ ಆ ಗಿಡ ಸೇಜ್. ಪದ ಬದಲಾದ ಕೂಡಲೇ ಆಟ ಹೋಯಿತು, ಗಿಡ ಮಾತ್ರ ಉಳಿಯಿತು.

ಇನ್ನು ನಿಮ್ಮ ಪರಂಗಿ ರೋಗದ ಪುಸ್ತಕ. ಅದನ್ನು ಯಾಕೆ ಮಾಡಿದೆ ಅಂತ ಪೇನೆಲ್ ಮುನ್ನುಡಿಯಲ್ಲಿ ತಾನೇ ಹೇಳಿದ್ದಾನೆ. ಲಂಡನ್‌ಗೆ ಹೋದಾಗ ಮುದ್ರಕನ ಹತ್ತಿರ ಮಾತಿಗೆ ಕೂತನಂತೆ. 'ನನ್ನ ಸಲೆರ್ನೋ ಪುಸ್ತಕ ಹೇಗಿದೆ?' ಅಂತ ಕೇಳಿದ. ಎಲ್ಲರೂ ಚೆನ್ನಾಗಿದೆ ಅನ್ನುತ್ತಿದ್ದಾರೆ ಅಂದ ಮುದ್ರಕ. ಆ ಪುಸ್ತಕ ಈ ಪುಸ್ತಕ ಅಂತ ಮಾತು ಹೋಗಿ, ಹುಟೆನ್‌ನದನ್ನೂ ಇಂಗ್ಲಿಷಿಗೆ ತಂದರೆ ಪುಣ್ಯದ ಕೆಲಸ ಅಂದ. ಮುದ್ರಕನಿಗೆ ಪುಣ್ಯದ ಜೊತೆ ಗಲ್ಲಾಪೆಟ್ಟಿಗೆಯೂ ಕಂಡಿರಬೇಕು, ಅದು ಬಿಡಿ.

ಮದ್ದು ಗ್ವಾಯಾಕಂ ಅನ್ನುವ ಮರ. ವೆಸ್ಟ್ ಇಂಡೀಸ್‌ನಿಂದ ಹಡಗಲ್ಲಿ ಬರುತ್ತಿತ್ತು. ಅದರ ಹೊಟ್ಟು ಒಂದು ಪೌಂಡಿಗೆ ಎಂಟು ಪೌಂಡ್ ನೀರು. ನೆನೆಹಾಕಿ, ಅರ್ಧಕ್ಕೆ ಇಳಿಯುವ ತನಕ ಸಣ್ಣ ಉರಿಯಲ್ಲಿ ಕುದಿಸಬೇಕು. ಮೇಲೆ ಬರುವ ನೊರೆಯನ್ನೂ ಬಿಸಾಡುವ ಹಾಗಿಲ್ಲ, ಒಣಗಿಸಿ ಹುಣ್ಣಿಗೆ ಹಾಕಬೇಕು. ರೋಗಿ ಗಾಳಿ ಬಾರದ ಬೆಚ್ಚನೆ ಕೋಣೆಯಲ್ಲಿ ವಾರಗಟ್ಟಲೆ ಇರಬೇಕು. ಊಟ ಅಂದರೆ ಹೆಸರಿಗೆ ಮಾತ್ರ. ಈಗ ಹೇಳಿ, ಇದು ಆಸ್ಪತ್ರೆಯಾ, ಮಠವಾ? ಕೋಣೆ, ಉಪವಾಸ, ಕಹಿ ಕಷಾಯ. ಪೇನೆಲ್‌ಗೆ ಇದರಲ್ಲಿ ಹೊಸದೇನೂ ಕಂಡಿರಲಿಕ್ಕಿಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಬಿಡುವುದಿಲ್ಲ. ಹುಟೆನ್ ಇದನ್ನು ಬರೆದದ್ದು 1519ರಲ್ಲಿ, ತನಗೇ ವಾಸಿಯಾಯಿತು ಅಂತ. ಅವನು 1523ರಲ್ಲಿ ಅದೇ ರೋಗದಲ್ಲಿ ಸತ್ತ. ಇಂಗ್ಲಿಷ್ ಪುಸ್ತಕ ಬಂದದ್ದು ಸತ್ತು 10 ವರ್ಷ ಆದ ಮೇಲೆ. ನಮ್ಮ ಅಂಗಡಿಗೂ ಇಂಥ ಜಾಹೀರಾತು ಬರುತ್ತವೆ.

ಹೆರಿಗೆವಾರ್ಡ್:

ಸಂಜೆಓದು ಅವರೇ, ನಿಮ್ಮ ಅಸೈನ್‌ಮೆಂಟಿಗೆ ಇನ್ನೊಂದು ಪುಸ್ತಕ ಸೇರಿಸಿಕೊಳ್ಳಿ. ನಾನು 26 ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಆ ಪುಸ್ತಕದ ಕತೆ ಕೇಳಿದಾಗ ತುಂಬ ನಗು ಬಂತು.

1540ರಲ್ಲಿ ರಿಚರ್ಡ್ ಜೋನಾಸ್ ಅನ್ನುವವನು ಹೆರಿಗೆಯ ಪುಸ್ತಕವೊಂದನ್ನು ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದ. ಮೂಲ ಇದ್ದದ್ದು ಜರ್ಮನ್‌ನಲ್ಲಿ, ಸೂಲಗಿತ್ತಿಯರಿಗೆ ಅಂತಲೇ. ಜರ್ಮನ್‌ನಿಂದ ಲ್ಯಾಟಿನ್, ಲ್ಯಾಟಿನ್‌ನಿಂದ ಇಂಗ್ಲಿಷ್. 1545ರಲ್ಲಿ ಥಾಮಸ್ ರೇನಾಲ್ಡ್ ಅದನ್ನು ತಿದ್ದಿ ದೊಡ್ಡದು ಮಾಡಿದ. ಅಂಗರಚನೆಯ ಪಂಡಿತ ವೆಸೇಲಿಯಸ್‌ನ ದೇಹದ ಚಿತ್ರಗಳನ್ನೂ ಹಾಕಿಸಿದ.

ಕೆಲವರು ತಕರಾರು ತೆಗೆದರಂತೆ. ಹೆಂಗಸರ ಗುಟ್ಟನ್ನೆಲ್ಲ ಹೀಗೆ ತಾಯ್ನುಡಿಯಲ್ಲಿ ಬಿಡಿಸಿ ಇಟ್ಟರೆ, ಬೀದಿ ಹುಡುಗರೆಲ್ಲ ರಾಬಿನ್ ಹುಡ್ ಕತೆ ಓದಿದ ಹಾಗೆ ಓದುತ್ತಾರೆ ಅಂತ. ಲ್ಯಾಟಿನ್‌ನಲ್ಲಿ ಇದ್ದಾಗ ಅದನ್ನು ಓದುತ್ತಿದ್ದವರೂ ಗಂಡಸರೇ ಅಲ್ವಾ? ಆಗ ಯಾರಿಗೂ ನಾಚಿಕೆ ಆಗಲಿಲ್ಲ!

ರೇನಾಲ್ಡ್ ಇನ್ನೊಂದು ಮಾತು ಹೇಳುತ್ತಾನೆ. ದೊಡ್ಡ ಮನೆಯ ಹೆಂಗಸರು ಈ ಪುಸ್ತಕ ಹಿಡಿದುಕೊಂಡೇ ಹೆರಿಗೆ ಮನೆಗೆ ಹೋಗುತ್ತಿದ್ದರು. ಬೇಕಾದ ಭಾಗವನ್ನು ಸೂಲಗಿತ್ತಿಯ ಮುಂದೆ, ಅಲ್ಲಿದ್ದ ಹೆಂಗಸರ ಮುಂದೆ ಗಟ್ಟಿಯಾಗಿ ಓದಿಸುತ್ತಿದ್ದರು. ನನಗೆ ಆ ಕೋಣೆ ಕಣ್ಣಿಗೆ ಕಟ್ಟುತ್ತದೆ. ಒಬ್ಬಳು ನೋವು ತಿನ್ನುತ್ತಿದ್ದಾಳೆ, ಒಬ್ಬಳು ಬಿಸಿನೀರು ಹಿಡಿದಿದ್ದಾಳೆ, ಇನ್ನೊಬ್ಬಳು ಪುಟ ಹುಡುಕುತ್ತಿದ್ದಾಳೆ. ಪಾಪ, ಆ ಸೂಲಗಿತ್ತಿಗೆ ಎಷ್ಟು ಸಿಟ್ಟು ಬಂದಿರಬೇಡ!

ಪದದ ವಿಷಯವೂ ಇದೆ. ರೇನಾಲ್ಡ್ ಗರ್ಭಕೋಶಕ್ಕೆ ಮೂರು ಹೆಸರು ಕೊಡುತ್ತಾನೆ. ಒಂದು ಲ್ಯಾಟಿನ್‌ನ ಮೇಟ್ರಿಕ್ಸ್, ಒಂದು ವೂಂಬ್, ಇನ್ನೊಂದು ಮದರ್, ಅಂದರೆ ಬರೀ 'ತಾಯಿ'. ಮೂರೂ ಒಂದೇ ಅಂತ ಬಿಡಿಸಿ ಹೇಳಿ ಮುಂದೆ ಹೋಗುತ್ತಾನೆ. ನಾವೂ ಹಾಗೇ. ಕೇಸ್ ಶೀಟಿನಲ್ಲಿ ಯೂಟರಸ್, ಪೋಸ್ಟರಿನಲ್ಲಿ ಗರ್ಭಕೋಶ, ಹಾಸಿಗೆ ಪಕ್ಕದಲ್ಲಿ ನಿಂತು ಹೇಳುವಾಗ ಗರ್ಭಚೀಲ.

ಹಳೇಪುಟ:

ಎಲ್ಲ ಚೆನ್ನಾಗಿದೆ, ಆದರೆ ಜಾಸ್ತಿ ಕರಗಿಹೋಗಬೇಡಿ. ಓದು ಬರುತ್ತಿದ್ದದ್ದೇ ಕೆಲವರಿಗೆ. ಪೇನೆಲ್ ಪುಸ್ತಕ ಅರ್ಪಿಸಿದ್ದು ಆಕ್ಸ್‌ಫರ್ಡಿನ ಅರ್ಲ್‌ಗೆ, ಹಳ್ಳಿಯ ರೈತನಿಗಲ್ಲ. 1538ರಲ್ಲಿ ಎಂಟನೇ ಹೆನ್ರಿ ದೊರೆ ಮರ್ಟನ್ ಮಠವನ್ನೇ ಕಿತ್ತುಕೊಂಡ, ಅದರ ಕಲ್ಲು ಹೊತ್ತೊಯ್ದು ನಾನ್‌ಸಚ್ ಅರಮನೆಗೆ ಹಾಕಿದರು. ನಮ್ಮ ಪೇನೆಲ್ ಪಿಂಚಣಿ ತೆಗೆದುಕೊಂಡು ಅದೇ ದೊರೆಯ ಸೇವೆಗೆ ನಿಂತ. ಗಾಳಿ ಬಂದ ಕಡೆ ತೂರಿಕೊಂಡವನು. ಅದನ್ನೂ ಬರೆಯಿರಿ.

ಸಂಜೆಓದು:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಹೆರಿಗೆ ಮನೆಯ ಓದು ಖಂಡಿತ ಹಾಕುತ್ತೇನೆ. ಇನ್ನೆರಡು ಅನುಮಾನ. ಧರ್ಮದ ಅನುವಾದಕ್ಕೆ ಜನ ಜೈಲಿಗೆ ಹೋದರು, ಸತ್ತರು. ವೈದ್ಯದ ಅನುವಾದಕ್ಕೆ ಯಾರಿಗೂ ಏನೂ ಆಗಲಿಲ್ವಾ? ಮತ್ತೆ ಆ ಪುಸ್ತಕಗಳ ಹ್ಯೂಮರ್‌ಗಳನ್ನು ನಾನು ವಾತ ಪಿತ್ತ ಕಫ ಅಂತ ಬರೆದರೆ ನಡೆಯುತ್ತಾ?

ಮಾತ್ರೆಅಂಗಡಿ:

ಎರಡನೆಯದು ಮೊದಲು. ನಡೆಯುವುದಿಲ್ಲ. ಅವರದು ನಾಲ್ಕು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ವಾತ ಇಲ್ಲವೇ ಇಲ್ಲ. ಕಫ ಹೇಗೋ ಹೊಂದುತ್ತದೆ ಅಂತ ಹಾಕಿದರೆ ಓದುವವರು ಉಳಿದದ್ದನ್ನೂ ಆಯುರ್ವೇದ ಅಂದುಕೊಂಡುಬಿಡುತ್ತಾರೆ. 'ನಾಲ್ಕು ದೇಹರಸ' ಅಂತ ಬರೆದು ಮುಂದೆ ಹೋಗಿ.

ಇಂಗ್ಲಿಷಿನವರಿಗೂ ಈ ತಲೆನೋವು ಇತ್ತು. ಲ್ಯಾಟಿನ್ ಪದವನ್ನೇ ಇಟ್ಟುಕೊಂಡು ಪಕ್ಕದಲ್ಲಿ ಅರ್ಥ ಹೇಳುವವರು ಒಂದು ಕಡೆ. ಎಲ್ಲವೂ ಅಚ್ಚ ಇಂಗ್ಲಿಷೇ ಆಗಬೇಕು ಅನ್ನುವ ಜಾನ್ ಚೀಕ್ ಥರದ ವಿದ್ವಾಂಸರು ಇನ್ನೊಂದು ಕಡೆ. ಚೀಕ್ ಮತ್ತಾಯನ ಸುವಾರ್ತೆ ಅನುವಾದ ಮಾಡುವಾಗ ಸೆಂಚುರಿಯನ್ (ನೂರು ಸೈನಿಕರ ನಾಯಕ) ಅನ್ನುವ ಲ್ಯಾಟಿನ್ ಪದ ಬೇಡ ಅಂತ 'ನೂರಾಳಿನವ' ಅನ್ನುವ ಹಾಗೆ ಒಂದು ಪದ ಕಟ್ಟಿದ. ಪುನರುತ್ಥಾನಕ್ಕೆ 'ಮರುಏಳಿಕೆ' ಅನ್ನುವ ಹಾಗೆ ಇನ್ನೊಂದು. ನಮ್ಮ ಆಂಡಯ್ಯ ಸಂಸ್ಕೃತ ಬಿಟ್ಟು ಕಾವ್ಯ ಬರೆದ ಹಠದಂತೆಯೇ. ಆಂಡಯ್ಯನದು ಓದಲು ಖುಷಿ ಕೊಡುತ್ತದೆ. ಚೀಕ್‌ನ ಪದಗಳನ್ನು ಯಾರೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಈಗ ಜೈಲಿನ ಮಾತು. ಇಂಗ್ಲೆಂಡಿನ ಸಂಸತ್ತು 1542–43ರ ಒಂದೇ ಅಧಿವೇಶನದಲ್ಲಿ ಎರಡು ಕಾನೂನು ಮಾಡಿತು. ಒಂದರ ಪ್ರಕಾರ ಕೂಲಿಯವರು, ಕುಶಲಕರ್ಮಿಗಳು, ಸಾಮಾನ್ಯ ಹೆಂಗಸರು ಇಂಗ್ಲಿಷ್ ಬೈಬಲ್ ಓದುವ ಹಾಗಿಲ್ಲ. ಇನ್ನೊಂದರ ಪ್ರಕಾರ ಗಿಡಮೂಲಿಕೆ ಗೊತ್ತಿರುವ ಯಾರು ಬೇಕಾದರೂ ಹುಣ್ಣಿಗೆ, ಚಳಿಜ್ವರಕ್ಕೆ ಮದ್ದು ಕೊಡಬಹುದು. ಆತ್ಮದ ಪುಸ್ತಕ ಮುಚ್ಚಿದರು, ಗಿಡದ ಬುಟ್ಟಿ ತೆರೆದರು. ನಿಮ್ಮ ಅಸೈನ್‌ಮೆಂಟಿನ ನಡುಮಧ್ಯ ಇದನ್ನೇ ಇಡಿ.

ಹಾಗಂತ ವೈದ್ಯರು ಸುಮ್ಮನಿರಲಿಲ್ಲ. ಥಾಮಸ್ ಎಲಿಯಟ್ ವೈದ್ಯನಲ್ಲ, ಆದರೂ ಆರೋಗ್ಯದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆದ. ಬೈದರು. ಅವನು ಮುನ್ನುಡಿಯಲ್ಲಿ ತಿರುಗಿ ಹೇಳಿದ: ಗ್ರೀಕರು ಗ್ರೀಕ್‌ನಲ್ಲಿ ಬರೆದರು, ರೋಮಿನವರು ಲ್ಯಾಟಿನ್‌ನಲ್ಲಿ, ವೈದ್ಯ ಅವಿಸೆನ್ನ ಅರಬ್ಬಿಯಲ್ಲಿ, ಎಲ್ಲ ಅವರವರ ತಾಯ್ನುಡಿ ತಾನೇ?

ಕೊನೆಗೆ ನನ್ನ ಮೆಚ್ಚಿನವನು, ಸ್ವಲ್ಪ ತಡವಾಗಿ ಬಂದವನು. ನಿಕೊಲಸ್ ಕಲ್ಪೆಪರ್. ಲಂಡನ್‌ನ ವೈದ್ಯರ ಕಾಲೇಜು 1618ರಲ್ಲಿ ಮದ್ದುಗಳ ಪಟ್ಟಿಯನ್ನು ಲ್ಯಾಟಿನ್‌ನಲ್ಲಿ ಹೊರಡಿಸಿತ್ತು. ಅಂಗಡಿಯವರು ಅದರ ಪ್ರಕಾರವೇ ಅರೆಯಬೇಕು. 1649ರಲ್ಲಿ ಕಲ್ಪೆಪರ್ ಅದನ್ನು ಇಂಗ್ಲಿಷಿಗೆ ತಂದ. ಮೂಲದಲ್ಲಿ ಹೇಗೆ ಮಾಡುವುದು ಅಂತ ಇತ್ತು, ಯಾವುದಕ್ಕೆ ಕೊಡುವುದು ಅಂತ ಇರಲಿಲ್ಲ. ಅದನ್ನು ಇವನೇ ಸೇರಿಸಿದ. ಪಾದ್ರಿ, ವೈದ್ಯ, ವಕೀಲ ಮೂವರೂ ಜನರನ್ನು ಮೋಸ ಮಾಡುವವರು ಅಂತ ಬೇರೆ ಬರೆದ. ವೈದ್ಯರು ಉರಿದುಬಿದ್ದರು. 1654ರಲ್ಲಿ ಕ್ಷಯದಿಂದ ಸತ್ತ, 37 ವರ್ಷ.

ನನಗೆ ಅವನು ಯಾಕೆ ಇಷ್ಟ ಅಂತ ಕೇಳಿದರೆ, ನಮ್ಮ ಚೀಟಿಗಳಲ್ಲಿ ಈಗಲೂ ಲ್ಯಾಟಿನ್ ಇದೆ. ಬಿ.ಡಿ. ಅಂದರೆ ದಿನಕ್ಕೆರಡು ಸಲ. ಎಚ್.ಎಸ್. ಅಂದರೆ ಮಲಗುವಾಗ. ಎಸ್.ಓ.ಎಸ್. ಅಂದರೆ 'ಸಿ ಓಪುಸ್ ಸಿತ್', ಬೇಕಾದರೆ ಮಾತ್ರ. ಹಿಂದೊಮ್ಮೆ ಒಬ್ಬ ಅಜ್ಜಿಗೆ ನೋವಿನ ಮಾತ್ರೆ ಎಸ್.ಓ.ಎಸ್. ಅಂತ ಬರೆದಿತ್ತು. ಬರೆದವರು ಹೇಳಲಿಲ್ಲ, ಅಂಗಡಿಯಲ್ಲಿ ಜನ ಇದ್ದರು ಅಂತ ನಾನೂ ಹೇಳಲಿಲ್ಲ. ಅಜ್ಜಿ ದಿನಕ್ಕೆ ಮೂರರಂತೆ 10 ದಿನ ನುಂಗಿ, ಹೊಟ್ಟೆ ಉರಿ ಅಂತ ಬಂದರು. ಅವತ್ತಿನಿಂದ ಕವರಿನ ಮೇಲೆ ಕೆಂಪು ಪೆನ್ನಿನಲ್ಲಿ 'ನೋವಿದ್ದರೆ ಮಾತ್ರ' ಅಂತ ಬರೆದೇ ಕೊಡುತ್ತೇನೆ. ಕಷ್ಟಪಟ್ಟು ಕಲಿತ ಲ್ಯಾಟಿನ್ ಅಷ್ಟಕ್ಕಾದರೂ ಬಂತು.

ಅಸೈನ್‌ಮೆಂಟ್ ಯಾವಾಗ ಕೊಡಬೇಕು ಹೇಳಿ. ಸಲೆರ್ನೋ ಪದ್ಯದ ಇನ್ನೆರಡು ಸಾಲು ಬಿಡಿಸಿ ಕಳಿಸುತ್ತೇನೆ. ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ.